ಫ್ಯಾನ್ ತಿರುಗುತ್ತಲೇ ಇತ್ತು

"ಮಾವ, ಎಂತ ಆಯ್ತು?"

"ಕರೆಂಟ್ ಹೋಯ್ತು ಮಾರಾಯ."

"ಫ್ಯಾನ್ ತಿರುಗ್ತಾ ಉಂಟಲ್ಲ?"

ಜುಲೈಯ ಒಂದು ಶನಿವಾರ, ರಾತ್ರಿ ಹನ್ನೆರಡು ದಾಟಿತ್ತು. ಡೊಂಬಿವಲಿ ಪೂರ್ವದ ನಮ್ಮ ಮನೆಯ ಹಾಲಿನಲ್ಲಿ ಎಚ್ಚರ ಇದ್ದದ್ದು ಇಬ್ಬರೇ. ನಾನು ಮೂಲೆಯ ಮೇಜಿನ ಮುಂದೆ, ಅಕ್ಕನ ಮಗ ನೆಲದಲ್ಲಿ ಚಾಪೆ ಹಾಸಿಕೊಂಡು. ಹನ್ನೊಂದನೇ ಕ್ಲಾಸಿಗೆಂದು ಕುಂದಾಪುರದಿಂದ ಬಂದ ಹುಡುಗ, ಬಂದು ಒಂದು ತಿಂಗಳಾಗಿತ್ತಷ್ಟೆ. ನಾನು "ಅಯ್ಯೋ" ಎಂದು ಕೂಗಿದ್ದು ಕೇಳಿ ತಲೆ ಎತ್ತಿದ್ದ. ನನ್ನ ಕೈಯಲ್ಲಿ ನೀಲಿ ಲ್ಯಾನ್ ಕೇಬಲ್ಲಿನ ತುದಿ ಇತ್ತು, ಆಗಷ್ಟೇ ಕಂಪ್ಯೂಟರಿನ ಹಿಂದಿನಿಂದ ಕಿತ್ತದ್ದು. ಅವನು ಫ್ಯಾನ್ ನೋಡಿದ, ನನ್ನ ಕೈ ನೋಡಿದ, "ಹೌದಾ" ಅಂದ, ಮಗ್ಗುಲು ಬದಲಿಸಿ ಮಲಗಿದ. ನಲವತ್ತು ದಾಟಿದ, ಐರೋಲಿಯ ಆಫೀಸಿನಲ್ಲಿ ಹಗಲಿಡೀ ಬೇರೆಯವರ ಲೆಕ್ಕ ತಾಳೆ ನೋಡುವ ಮನುಷ್ಯ ನಾನು. ಎರಡು ಕಡೆಯ ಅಂಕಿ ಹೊಂದದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಆ "ಹೌದಾ" ಇವತ್ತಿಗೂ ಹೊಂದಿಲ್ಲ.

ಸುಳ್ಳು ಹೇಳಬೇಕಾದ ಅಗತ್ಯವಾದರೂ ಏನಿತ್ತು? ಹದಿನಾರು ವರ್ಷದ ಹುಡುಗನಿಗೆ ಆಟದಲ್ಲಿ ಸೋಲುವುದು ಅಂದರೇನೆಂದು ನನಗಿಂತ ಚೆನ್ನಾಗಿ ಗೊತ್ತು. "ಸೋಲ್ತಾ ಇದ್ದೆ, ವೈರ್ ಕಿತ್ತೆ" ಅಂದಿದ್ದರೆ ನಕ್ಕು ಮಲಗುತ್ತಿದ್ದ. ಬಾಯಿಗೆ ತಾನಾಗಿ ಬಂದದ್ದು ಕರೆಂಟು.

ಟೊಳ್ಳು ಚೌಕ

ನಾನು ಆಡುವುದು ಎಲೈಟ್ ಡೇಂಜರಸ್. 2014ರ ಡಿಸೆಂಬರಿನಲ್ಲಿ ಬಂದ ಆಟ, ನಾನು ಶುರು ಮಾಡಿದ್ದು ಬಹಳ ತಡವಾಗಿ, ಲಾಕ್‌ಡೌನಿನಲ್ಲಿ. ಗೊತ್ತಿಲ್ಲದವರಿಗೆ ಇಷ್ಟು ಸಾಕು: ನಮ್ಮ ಆಕಾಶಗಂಗೆಯನ್ನೇ ನಿಜವಾದ ಗಾತ್ರದಲ್ಲಿ ಒಳಗಿಟ್ಟುಕೊಂಡ ಆಟ, ಸುಮಾರು ನಲವತ್ತು ಸಾವಿರ ಕೋಟಿ ನಕ್ಷತ್ರ ವ್ಯವಸ್ಥೆಗಳು. ಅಷ್ಟರಲ್ಲಿ ಯಾರೂ ಕಾಲಿಡದವೇ ಹೆಚ್ಚು. ಹಾಗೆ ಒಂದನ್ನು ಮೊದಲು ಹೋಗಿ ನೋಡಿ, ವಿವರ ತಂದು ನಿಲ್ದಾಣದಲ್ಲಿ ಮಾರಿದರೆ ಆ ಗ್ರಹದ ಮೇಲೆ 'ಮೊದಲು ಕಂಡವರು' ಎಂದು ನಿಮ್ಮ ಹೆಸರು ಬೀಳುತ್ತದೆ. ಡೊಂಬಿವಲಿಯಲ್ಲಿ ಸೊಸೈಟಿಯ ನಾಮಫಲಕದಲ್ಲಿ ಹೆಸರು ಸರಿ ಬರೆಸಲು ನನಗೆ ಎರಡು ವರ್ಷ ಬೇಕಾಯಿತು. ಅಲ್ಲಿ ಒಂದು ನೀಲಿ ಅನಿಲದೈತ್ಯಕ್ಕೆ ನನ್ನ ಹೆಸರು ಉಂಟು.

ಆದರೆ ಮಾರುವ ತನಕ ಆ ವಿವರ ಹಡಗಿನಲ್ಲೇ ಇರುತ್ತದೆ. ಹಡಗು ಒಡೆದರೆ ಅದೂ ಹೋಯಿತು. ಹಡಗಿಗೆ ವಿಮೆ ಉಂಟು, ಅದರ ಬೆಲೆಯ ಶೇಕಡಾ 5ರಷ್ಟು ಕಟ್ಟಿದರೆ ಹೊಸತು ಸಿಗುತ್ತದೆ. ಇದಕ್ಕೇ ರೀಬೈ ಅನ್ನುವುದು. ನನ್ನ ಆಸ್ಪ್ ಎಕ್ಸ್‌ಪ್ಲೋರರಿಗೆ ರೀಬೈ ಹನ್ನೆರಡು ಲಕ್ಷ ಕ್ರೆಡಿಟ್, ಆಟದ ಲೆಕ್ಕದಲ್ಲಿ ಬಸ್ಸಿನ ಚಿಲ್ಲರೆ. ಒಳಗಿದ್ದ ವಿವರಕ್ಕೆ ಸುಮಾರು ಇಪ್ಪತ್ತು ಕೋಟಿ ಬರುವುದಿತ್ತು. ಅದಕ್ಕಿಂತ ಹೆಚ್ಚಾಗಿ ಏಪ್ರಿಲಿನಿಂದ ಜುಲೈ ತನಕದ ರಾತ್ರಿಗಳು ಅದರಲ್ಲಿದ್ದವು. ಹೆಂಡತಿ ಮಲಗಿದ ಮೇಲೆ ಒಂದೊಂದು ತಾಸು, ಜಿಗಿ, ನೋಡು, ಮುಂದೆ ಜಿಗಿ. ಮಾಡುವವರಿಗೆ ಮಾತ್ರ ಅರ್ಥವಾಗುವ ಕೆಲಸ, ಹೂಕಟ್ಟುವ ಹಾಗೆ.

ಅಷ್ಟೆಲ್ಲ ಹೊತ್ತುಕೊಂಡು ನಾನು ಹೋದದ್ದು ಡೆಸಿಯಾಟ್ ಎಂಬ ವ್ಯವಸ್ಥೆಗೆ. ಆಡುವವರು ಇಲ್ಲಿ ಓದುವುದು ನಿಲ್ಲಿಸಿ ಹಣೆ ಚಚ್ಚಿಕೊಳ್ಳುತ್ತಾರೆ. ಅಲ್ಲಿ ಫೆಲಿಸಿಟಿ ಫಾರ್ಸೀರ್ ಎಂಬ ಎಂಜಿನಿಯರಮ್ಮನ ಠಾಣೆ ಉಂಟು. ಆಕೆಗೆ ಈ ವಿವರ ಮಾರಿದರೆ ಆಕೆಯ ಹತ್ತಿರ ನಮ್ಮ ದರ್ಜೆ ಏರುತ್ತದೆ, ಆಮೇಲೆ ಹಡಗಿನ ಜಿಗಿತದ ಯಂತ್ರವನ್ನು ಇನ್ನೂ ಚೆನ್ನಾಗಿ ಮಾಡಿಕೊಡುತ್ತಾಳೆ. ಹಾಗಾಗಿ ಹೊಸಬರು, ಅಲೆಮಾರಿಗಳು, ತೆಳ್ಳಗಿನ ಹಡಗಿನವರೆಲ್ಲ ಅಲ್ಲಿಗೇ ಬರುತ್ತಾರೆ. ಅವರನ್ನು ಹಿಡಿಯುವವರೂ ಅಲ್ಲಿಗೇ ಬರುತ್ತಾರೆ. ದಾದರ್ ಸ್ಟೇಷನ್ನಿನ ಸೇತುವೆಯ ಮೇಲೆ ಜೇಬುಗಳ್ಳರು ಯಾಕಿದ್ದಾರೆ ಎಂದು ಯಾರಾದರೂ ಕೇಳುತ್ತಾರೆಯೇ?

ರಾಡಾರಿನಲ್ಲಿ ಕಂಪ್ಯೂಟರ್ ನಡೆಸುವ ಹಡಗುಗಳು ತುಂಬಿದ ಗುರುತಾಗಿ ಕಾಣುತ್ತವೆ, ಮನುಷ್ಯರು ನಡೆಸುವವು ಟೊಳ್ಳು ಗುರುತಾಗಿ. ಆ ರಾತ್ರಿ ಒಂದು ಟೊಳ್ಳು ಚೌಕ ನನ್ನ ಬೆನ್ನಿಗೆ ಬಂತು. ಮೂರು ತಿಂಗಳು ಒಬ್ಬ ಮನುಷ್ಯನನ್ನೂ ಕಾಣದೆ ಸುತ್ತಿದವನಿಗೆ ಮೊದಲು ಆದದ್ದು ಖುಷಿ. ಇದನ್ನು ಒಪ್ಪಿಕೊಳ್ಳಬೇಕು, ಯಾಕೆಂದರೆ ಒಬ್ಬನೇ ಆಡುವ ಸೋಲೋ ಎಂಬ ಬಾಗಿಲು ಈ ಆಟದಲ್ಲಿ ಉಂಟು, ಗೊತ್ತಿದ್ದವರ ಜೊತೆ ಮಾತ್ರ ಆಡುವ ಖಾಸಗಿ ಗುಂಪೂ ಉಂಟು. ನಾನು ಓಪನ್ ಆರಿಸಿಕೊಂಡದ್ದು ಇಂಥ ಒಂದು ಟೊಳ್ಳು ಚೌಕ ಕಾಣಲಿ ಅಂತಲೇ. ಅವನು ನನ್ನನ್ನು ಸೂಪರ್‌ಕ್ರೂಸ್ ಎಂಬ ಅತಿವೇಗದ ಓಟದಿಂದ ಎಳೆದು ಹಾಕಿದ. ಫರ್-ಡಿ-ಲಾನ್ಸ್, ಕಾದಾಟಕ್ಕೆಂದೇ ಇರುವ ಹಡಗು. ಚೌಕ ತ್ರಿಕೋನವಾಯಿತು. ತ್ರಿಕೋನ ಅಂದರೆ ಆಯುಧ ಹೊರಗೆ ಬಂತು ಅಂತ.

ಮಾಡಬೇಕಾದ್ದು ನನಗೆ ಬಾಯಿಪಾಠ ಬರುತ್ತಿತ್ತು. ಎಳೆಯುವಾಗ ಒದ್ದಾಡಬಾರದು, ವೇಗ ಸೊನ್ನೆಗಿಳಿಸಿ ಶರಣಾಗಬೇಕು, ಆಗ ಯಂತ್ರ ಬೇಗ ತಣಿಯುತ್ತದೆ. ಶಕ್ತಿಯನ್ನೆಲ್ಲ ರಕ್ಷಾಕವಚಕ್ಕೆ, ಎಂಜಿನ್ನಿಗೆ ಹಾಕಿ, ಬೇರೆ ನಕ್ಷತ್ರಕ್ಕೆ ಗುರಿಯಿಟ್ಟು ಜಿಗಿಯಬೇಕು. ಇದೇ ವ್ಯವಸ್ಥೆಯೊಳಗೆ ಓಡಲು ನೋಡಿದರೆ ದೊಡ್ಡ ಹಡಗಿನ ಭಾರ ನಿಮ್ಮ ಜಿಗಿತವನ್ನು ತಡೆಹಿಡಿಯುತ್ತದೆ, ಬೇರೆ ನಕ್ಷತ್ರಕ್ಕಾದರೆ ತಡೆಯಲಾರದು. ಇಷ್ಟೂ ಗೊತ್ತಿದ್ದವನು ಎಳೆಯುವಾಗ ಒದ್ದಾಡಿದೆ, ತಲೆಕೆಳಗಾದೆ, ಕವಚ ಮೂರು ಏಟಿಗೆ ಹೋಯಿತು, ಎದುರಿನ ಗಾಜು ಬಿರುಕುಬಿಟ್ಟಿತು. ಕೈ ತಾನಾಗಿ ಕಂಪ್ಯೂಟರಿನ ಹಿಂದಕ್ಕೆ ಹೋಯಿತು.

ಇದಕ್ಕೆ ಕಾಂಬ್ಯಾಟ್ ಲಾಗಿಂಗ್ ಅನ್ನುತ್ತಾರೆ. ಕಾದಾಟದ ನಡುವೆ ಮೆನು ತೆರೆದು ಹೊರಹೋದರೆ 15 ಸೆಕೆಂಡು ನಿಮ್ಮ ಹಡಗು ಅಲ್ಲೇ ನಿಲ್ಲುತ್ತದೆ, ಹೊಡೆಯುವವನು ಹೊಡೆಯಬಹುದು. ಅಷ್ಟು ತಡೆದುಕೊಂಡರೆ ಹೋಗಿ, ತಪ್ಪಲ್ಲ ಎಂದು ಆಟ ಮಾಡಿದ ಕಂಪನಿಯೇ ಹೇಳಿದೆ. ತಂತಿ ಕೀಳುವುದು, ಪ್ರೋಗ್ರಾಮನ್ನೇ ಕೊಲ್ಲುವುದು ಮಾತ್ರ ತಪ್ಪು. ಯಾಕೆ ಇದು ಸಾಧ್ಯ ಅಂದರೆ, ಈ ಆಟದಲ್ಲಿ ಕಾದಾಟ ನಡುವಿನ ಸರ್ವರಿನಲ್ಲಿ ನಡೆಯುವುದಿಲ್ಲ. ಅವನ ಕಂಪ್ಯೂಟರು ನನ್ನ ಕಂಪ್ಯೂಟರಿಗೆ ನೇರ "ನಿನಗೆ ಏಟು ಬಿತ್ತು" ಅನ್ನುತ್ತದೆ, ನನ್ನದು "ಹೌದು, ಬಿತ್ತು" ಅನ್ನಬೇಕು. ಹೌದನ್ನುವವನೇ ಇಲ್ಲದಿದ್ದರೆ ಏಟೂ ಇಲ್ಲ. ಅವನ ಪರದೆಯಿಂದ ನಾನು ಆ ಕ್ಷಣಕ್ಕೆ ಅಳಿಸಿಹೋಗಿರುತ್ತೇನೆ.

ಈವ್ ಆನ್‌ಲೈನ್ ಎಂಬ ಇನ್ನೊಂದು ಬಾಹ್ಯಾಕಾಶದ ಆಟದಲ್ಲಿ ಈ ಉಪಾಯ ನಡೆಯುವುದಿಲ್ಲ. ಐಸ್‌ಲ್ಯಾಂಡಿನವರು 2003ರಲ್ಲಿ ಶುರು ಮಾಡಿದ ಜಗತ್ತು ಅದು. ಎಲ್ಲವೂ ಅವರ ಸರ್ವರಿನಲ್ಲಿ. ಇನ್ನೊಬ್ಬರ ಜೊತೆ ಕಾದಾಟಕ್ಕಿಳಿದು ತಂತಿ ಕಿತ್ತರೆ ಹಡಗು 15 ನಿಮಿಷ ಬಾಹ್ಯಾಕಾಶದಲ್ಲೇ ಉಳಿಯುತ್ತದೆ, ನೀವಿಲ್ಲದೆ, ಒಡೆಯನಿಲ್ಲದ ಮನೆಯ ಹಾಗೆ. 2014ರ ಜನವರಿಯಲ್ಲಿ ಅಲ್ಲಿ 21 ಗಂಟೆಗಳ ಒಂದು ಮಹಾಯುದ್ಧ ನಡೆಯಿತು. 75 ಟೈಟಾನ್ ಹಡಗುಗಳು ಒಡೆದವು. ಜನ ಜಾಸ್ತಿಯಾಗಿ ಸರ್ವರು ಕಾಲವನ್ನೇ ಹತ್ತನೇ ಒಂದು ಪಾಲಿಗೆ ಇಳಿಸಿಕೊಂಡು ನಡೆಯಿತು. ಕಾರಣ ಕೇಳಿದರೆ ಮುಂಬಯಿಯವರಿಗೆ ಅಚ್ಚರಿಯಾಗುವುದಿಲ್ಲ: ಒಂದು ಪಕ್ಷದವರು ತಮ್ಮ ಜಾಗದ ಬಾಡಿಗೆ ಕಟ್ಟುವ ದಿನ ತಪ್ಪಿಸಿಕೊಂಡಿದ್ದರು.

ನೆಟ್ ಹೋಯ್ತು

ಮರುದಿನ ಸೋಲೋದಲ್ಲಿ ಒಳಗೆ ಹೋಗಿ, ಬಿರುಕುಗಾಜಿನ ಹಡಗನ್ನು ಮೆಲ್ಲಗೆ ಇಳಿಸಿ, ವಿವರ ಮಾರಿದೆ. ಹಣ ಬಂತು, ಹೆಸರೂ ಬಿತ್ತು. ಸಂಜೆ ಓಪನ್ನಿಗೆ ಬಂದಾಗ ಒಂದು ಫ್ರೆಂಡ್ ರಿಕ್ವೆಸ್ಟ್ ಕಾದಿತ್ತು, ಅವನದೇ. ಬೈಯಲು ಬಂದ ಎಂದುಕೊಂಡೇ ಒಪ್ಪಿಕೊಂಡೆ. ಮೊದಲು ಒಂದು ಓ ಅಕ್ಷರ, ಏಳರ ಅಂಕಿ. ಅಕ್ಕಪಕ್ಕ ಇಟ್ಟರೆ ಸೆಲ್ಯೂಟ್ ಹೊಡೆಯುವ ಮನುಷ್ಯನ ತಲೆ ಮತ್ತು ಕೈ, ಈ ಲೋಕದ ನಮಸ್ಕಾರ. ಆಮೇಲೆ ಇಂಗ್ಲಿಷಿನಲ್ಲಿ, ಹೆಚ್ಚುಕಡಿಮೆ ಹೀಗೆ: ನಿನ್ನೆ ನಿಮ್ಮ ಕನೆಕ್ಷನ್ ಹೋಯಿತಾ? ಎಲ್ಲ ಸರಿ ಉಂಟಲ್ಲ?

ನಾನು ಬರೆದೆ: ಹೌದು, ಇಲ್ಲಿ ಮುಂಬಯಿ ಮಳೆ.

ಅವನು ಬರೆದ: ಓ, ಟಿವಿಯಲ್ಲಿ ನೋಡಿದ್ದೇನೆ, ಜಾಗ್ರತೆ.

ಎರಡನೇ ಸಲ ಸುಳ್ಳು ಹೇಳಿದಾಗ ಕಷ್ಟವೇ ಆಗಲಿಲ್ಲ. ಅದೇ ಆಮೇಲೆ ಕೊರೆಯತೊಡಗಿದ್ದು. ನಾನು ಗೆಲುವು ಕಸಿದೆ ಅನ್ನುವುದು ಅಷ್ಟೇನೂ ಕೊರೆಯಲಿಲ್ಲ, ಅವನಿಗೆ ನನ್ನ ಹಡಗು ಒಡೆದರೆ ನಯಾಪೈಸೆ ಸಿಗುತ್ತಿರಲಿಲ್ಲ. ಕೊರೆದದ್ದು ಮಳೆ.

ಯಾಕೆಂದರೆ ನಮ್ಮ ಕಡೆ ನೆಟ್ ನಿಜವಾಗಿಯೂ ಹೋಗುತ್ತದೆ. ನಮ್ಮ ಗಲ್ಲಿಯಲ್ಲಿ ಇಂಟರ್ನೆಟ್ ಬರುವುದು ಕೇಬಲ್‌ವಾಲಾನ ತಂತಿಯಲ್ಲಿ, ಅದು ಬರುವುದು ಒಂದು ಬಿಲ್ಡಿಂಗಿನ ಟೆರೇಸಿನಿಂದ ಇನ್ನೊಂದರ ಟೆರೇಸಿಗೆ, ನಡುವೆ ಒಂದು ಗುಲ್‌ಮೊಹರಿನ ಕೊಂಬೆಗೆ ಜೋತುಕೊಂಡು. ಜೂನ್ ಬಂದರೆ ಕೊಂಬೆ ಬೀಳುತ್ತದೆ. ಕಳೆದ ವರ್ಷ ಮನೆಯಿಂದ ಕೆಲಸ ಮಾಡುವ ದಿನವೊಂದರಲ್ಲಿ ತ್ರೈಮಾಸಿಕ ಪರಿಶೀಲನೆಯ ಮೀಟಿಂಗು, ನನ್ನ ತಂಡದ ತಪ್ಪೊಂದರ ಮಾತು ಬಂದ ಅದೇ ನಿಮಿಷಕ್ಕೆ ತಂತಿ ಹರಿಯಿತು. ದೇವರಾಣೆ, ನಿಜವಾಗಿ ಹರಿಯಿತು. ಫೋನಿನ ಹಾಟ್‌ಸ್ಪಾಟ್ ಹಾಕಿ ಎಂಟು ನಿಮಿಷದಲ್ಲಿ ಮರಳಿದೆ. ಸಾಹೇಬರು ಎಲ್ಲರೆದುರು "ಇವತ್ತೂ ಮರ ಬಿತ್ತಾ?" ಅಂದರು, ನಕ್ಕರು, ಉಳಿದ ಹನ್ನೊಂದು ಚೌಕಗಳೂ ನಕ್ಕವು. ನಾನು ಬಿದ್ದ ಕೊಂಬೆಯ ಫೋಟೋ ತೆಗೆದು ಕಳಿಸಿದೆ. ಇವತ್ತಿಗೂ ಆ ಫೋಟೋ ನನ್ನ ಫೋನಿನಲ್ಲಿದೆ, ಯಾಕೆ ಅಳಿಸಿಲ್ಲವೋ ಗೊತ್ತಿಲ್ಲ. 2020ರ ನಂತರ ಉತ್ತರ ಗೊತ್ತಿಲ್ಲದ ಪ್ರಶ್ನೆ ಬಂದಾಗ ಎಷ್ಟು ಜನ "ಹಲೋ, ಹಲೋ, ಕೇಳಿಸ್ತಿಲ್ಲ" ಎಂದು ಕೆಂಪು ಗುಂಡಿ ಒತ್ತಿಲ್ಲ? ಅವರೆಲ್ಲರ ಸಾಲ ನನ್ನ ಗುಲ್‌ಮೊಹರಿನ ತಲೆಗೆ ಬಂತು. ಈಗ ನಾನು ಅದೇ ಸಾಲಕ್ಕೆ ನನ್ನ ಪಾಲು ಸೇರಿಸಿದೆ, ಅದೂ ಊರಿನ ಮಳೆಯ ಹೆಸರಿನಲ್ಲಿ.

2005ರ ಜುಲೈ 26 ನೆನಪಾಯಿತು. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದ ದಿನ. ಅಪ್ಪ ಫೋರ್ಟಿನ ಹೋಟೆಲಿನ ಗಲ್ಲಾದಲ್ಲಿದ್ದರು. ಮಧ್ಯಾಹ್ನ ಪಕ್ಕದ ಮನೆಗೆ ಫೋನ್ ಮಾಡಿ "ರೈಲಿಲ್ಲ, ನಾನು..." ಅನ್ನುವಷ್ಟರಲ್ಲಿ ಲೈನ್ ಹೋಯಿತು. ಎರಡು ರಾತ್ರಿ ಸುದ್ದಿಯಿಲ್ಲ. ಅಮ್ಮ ಅತ್ತರು, ದೇವರಿಗೆ ಮುಡಿಪು ಕಟ್ಟಿದರು, ಗಂಜಿ ಮಾಡಿ ಮುಚ್ಚಿಟ್ಟರು. ಆದರೆ ಆ ಅರ್ಧ ವಾಕ್ಯವನ್ನು ಒಂದು ಸಲವೂ ಸಂಶಯಿಸಲಿಲ್ಲ. ಲೈನ್ ಹೋಗಿದೆ ಅಂದರೆ ಹೋಗಿದೆ, ಅಷ್ಟೆ. ಅಪ್ಪ ಮೂರನೇ ದಿನ ಮಂಡಿ ತನಕ ಕೆಸರಿನಲ್ಲಿ ಬಂದು ಉಳಿದ ಅರ್ಧ ವಾಕ್ಯ ಮುಗಿಸಿದರು: "...ಹೋಟೆಲಿನಲ್ಲೇ ಮಲಗ್ತೇನೆ ಅಂತ ಹೇಳ್ಲಿಕ್ಕೆ ಮಾಡಿದ್ದು."

ಖಾಲಿ ಶಾಲು

ಪನ್ವೇಲಿನಲ್ಲಿರುವ ಗೆಳೆಯನೊಬ್ಬನಿಗೆ, ಹಾವೇರಿ ಕಡೆಯವನು, ಇದನ್ನೆಲ್ಲ ಹೇಳಿದೆ. ಅವನೂ ಇದೇ ಆಟ ಆಡುತ್ತಾನೆ. "ಏ, ಅದರಾಗ ಏನೈತಿ? ಕಳ್ಳ ಬಂದ್ರ ಬಾಗಲಾ ಹಾಕ್ಕೊಳ್ಳೋದು ತಪ್ಪೇನು?" ಅಂದ. "ನಿಂದು ಮಾಲು ಹೊರೋ ಹಡಗು, ಅವಂದು ಕಾಳಗದ ಹಡಗು. ಅದು ಕುಸ್ತಿ ಅಲ್ಲೋ, ಹೊಡತ. ಕುಸ್ತಿ ನಡುವೆ ಬಿಟ್ಟು ಓಡಿದ್ರ ನಾಚಿಕಿ ಪಡಬೇಕು, ಹೊಡತ ತಪ್ಪಿಸ್ಕೊಂಡ್ರ ನಾಚಿಕಿ ಯಾಕ?" ಇದಕ್ಕೆ ನನ್ನ ಹತ್ತಿರ ತಕ್ಷಣ ಉತ್ತರ ಇರಲಿಲ್ಲ. ಇವತ್ತೂ ಪೂರ್ತಿ ಇಲ್ಲ. ನಿರಾಯುಧನನ್ನು ಹೊಡೆಯುವುದರಲ್ಲಿ ಏನು ಸುಖ ಎಂದು ಕೇಳಲು ನನಗೂ ಆಸೆ. ಆದರೆ ಅವನು ಆಟದ ನಿಯಮ ಮುರಿದಿರಲಿಲ್ಲ. ನಾನು ಓಪನ್ ಎಂಬ ಬಾಗಿಲು ಕೈಯಾರೆ ತೆಗೆದು ಒಳಗೆ ಹೋಗಿದ್ದೆ. ಗೆಳೆಯನ ಮಾತಿನಲ್ಲಿ ಬಾಗಿಲು ನನ್ನ ಮನೆಯದ್ದು, ಡೆಸಿಯಾಟ್‌ನಲ್ಲಿ ಮನೆ ಇಬ್ಬರದ್ದೂ.

ಹೊಡೆತವೋ ಕುಸ್ತಿಯೋ ಎಂಬ ಈ ತಕರಾರು ನನ್ನನ್ನು ಮಾಟುಂಗಾದ ಒಂದು ಸಭಾಂಗಣಕ್ಕೆ ಕರೆದುಕೊಂಡು ಹೋಯಿತು. ನನಗೆ ಆಗ ಹತ್ತು ವರ್ಷವಿರಬಹುದು. ಅಪ್ಪ ಹೋಟೆಲಿಗೆ ಬಂದ ಹುಡುಗ, ರಾತ್ರಿಶಾಲೆಯಲ್ಲಿ ಕನ್ನಡ ಓದಿ, ಶನಿವಾರ ಶನಿವಾರ, ವೇಷವಿಲ್ಲದೆ ಕೂತು ಮಾತಿನಲ್ಲೇ ಆಡುವ ತಾಳಮದ್ದಳೆಗೆ ಅರ್ಥ ಹೇಳುತ್ತಿದ್ದರು. ದೊಡ್ಡ ಅರ್ಥಧಾರಿಯಲ್ಲ, ಯಾರಾದರೂ ಬಾರದಿದ್ದರೆ ಕರೆಸಿಕೊಳ್ಳುವಂಥವರು. ಅವತ್ತು ಅವರದ್ದು ಧರ್ಮರಾಯ. ಕುರುಕ್ಷೇತ್ರ ಮುಗಿದು ಕೌರವ ವೈಶಂಪಾಯನ ಸರೋವರದಲ್ಲಿ ಅಡಗಿದ್ದಾನೆ, ಭೀಮ ದಡದಲ್ಲಿ ನಿಂತು ಮೂದಲಿಸಿ ಅವನನ್ನು ಹೊರಗೆ ತರಬೇಕು. ಕೌರವನಾಗಿ ಕೂತವರು ಅಂಧೇರಿ ಕಡೆಯ ಒಬ್ಬ ಹೋಟೆಲ್ ಧನಿ, ವಯಸ್ಸಾದವರು, ಗಂಭೀರ ಸ್ವರ. ಭೀಮ ಬ್ಯಾಂಕಿನ ಹುಡುಗ, ನಾಲಗೆ ಚುರುಕು. ಮೂದಲಿಕೆ ಏರುತ್ತಾ ಹೋಯಿತು, ಸಭೆ ನಕ್ಕಿತು, ಆ ನಗುವಿನ ಅಮಲಿನಲ್ಲಿ ಹುಡುಗ ಅಂದುಬಿಟ್ಟ: "ಅಡಗುವುದು ನಿನಗೆ ಹೊಸತೇನು ಕೌರವಾ? ಸಾಲ ಕೊಟ್ಟವರು ಬಾಗಿಲು ಬಡಿದಾಗಲೂ ನೀನು ಸಿಗುವವನಲ್ಲವಂತೆ!"

ಧನಿಗಳ ಹೋಟೆಲು ಆ ವರ್ಷ ಕಷ್ಟದಲ್ಲಿತ್ತು, ಸಭೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ನಗು ಅರ್ಧಕ್ಕೆ ನಿಂತಿತು. ಅವರು ಹೆಗಲ ಶಾಲು ತೆಗೆದು, ಮಡಚಿ, ಕೂತ ಜಾಗದಲ್ಲಿಟ್ಟು, ಎದ್ದು ಹೋದರು. ಭಾಗವತರು ಏನೂ ತೋಚದೆ ಅದೇ ಪದ್ಯವನ್ನು ಇನ್ನೊಮ್ಮೆ ಎತ್ತಿಕೊಂಡರು. ಮದ್ದಳೆ ಸುಮ್ಮನೆ ಜೊತೆ ಕೊಟ್ಟಿತು. ಪದ್ಯ ಮುಗಿಯಿತು, ಯಾರಾದರೂ ಮಾತಾಡಬೇಕಲ್ಲ. ಭೀಮನಿಗೆ ಬಾಯಿ ಬರಲಿಲ್ಲ. ಆಗ ನನ್ನಪ್ಪ, ಇಡೀ ಸಂಜೆಗೆ ನಾಲ್ಕು ವಾಕ್ಯ ಹೇಳಬೇಕಿದ್ದ ಧರ್ಮರಾಯ, ಆ ಮಡಚಿಟ್ಟ ಶಾಲಿನ ಕಡೆ ತಿರುಗಿ ಶುರು ಮಾಡಿದರು: "ಸುಯೋಧನಾ, ನೀನು ನೀರಿನೊಳಗಿದ್ದರೂ ನನ್ನ ಮಾತು ನಿನಗೆ ಕೇಳುತ್ತದೆ ಎಂದು ಬಲ್ಲೆ..." ಬಾಲ್ಯ ಹೇಳಿದರು, ದ್ರೋಣರ ಗರಡಿ ಹೇಳಿದರು, ಗಂಧರ್ವರಿಂದ ಬಿಡಿಸಿದ್ದು ಹೇಳಿದರು. ಹೇಳಿದ್ದನ್ನೇ ಹೇಳಿದರು. ಅವರ ಬನಿಯನ್ನು ಶರ್ಟಿಗೆ ಅಂಟಿದ್ದು ನನಗೆ ಹಿಂದಿನಿಂದ ಕಾಣುತ್ತಿತ್ತು.

ನನಗೆ ಒಂದಕ್ಕೆ ಅವಸರವಾಗಿ ಹೊರಗೆ ಹೋದೆ. ಕೌರವ ಅಲ್ಲೇ ಇದ್ದರು, ಪಡಸಾಲೆಯಲ್ಲಿ, ನೀರಿನ ಡ್ರಮ್ಮಿನ ಹತ್ತಿರ. ಮುಖಕ್ಕೆ ನೀರು ಹಾಕಿಕೊಳ್ಳುತ್ತಾ, ನಿಲ್ಲಿಸಿ ಕಿವಿಗೊಡುತ್ತಾ, ಮತ್ತೆ ಹಾಕಿಕೊಳ್ಳುತ್ತಾ. ನನ್ನನ್ನು ನೋಡಿ "ನಿನ್ನ ಅಪ್ಪನಿಗೆ ಇಷ್ಟೆಲ್ಲ ಬರ್ತದಾ?" ಅಂದರು. ನಾನು ಉತ್ತರ ಹೇಳುವ ಮೊದಲೇ ಒಳಗೆ ನಡೆದರು. ಒರೆಸದ ಮುಖದಿಂದ ನೀರು ತೊಟ್ಟಿಕ್ಕುತ್ತಿತ್ತು. ಶಾಲು ಎತ್ತಿ ಹೆಗಲಿಗೆ ಹಾಕಿ, ಕೂತು, ಅಂದರು: "ಬಂದೆ, ಧರ್ಮಜ."

ಆ ಚಪ್ಪಾಳೆಯನ್ನು ನಾನು ಆಮೇಲೆ ಎಲ್ಲೂ ಕೇಳಿಲ್ಲ. ಹೊರಗೆ ಹೋದದ್ದೇ ಸರೋವರವಾಯಿತು, ಡ್ರಮ್ಮಿನ ನೀರೇ ವೈಶಂಪಾಯನವಾಯಿತು. ಹುಡುಗ ಭೀಮ ಮುಂದೆ ಒಂದು ಮಾತನ್ನೂ ಸರಿಯಾಗಿ ಆಡಲಾರದೆ, ಕತೆಯ ಪ್ರಕಾರ ತೊಡೆಗೆ ಹೊಡೆಯುವ ಕಡೆಗೆ ಹೇಗೋ ತಲುಪಿದ. ಗದಾಯುದ್ಧದಲ್ಲಿ ಸೊಂಟದ ಕೆಳಗೆ ಹೊಡೆಯಬಾರದು. ಕೌರವ ಅಡಗಿದ್ದು, ಭೀಮ ತೊಡೆ ಮುರಿದದ್ದು, ಎರಡರಲ್ಲಿ ಯಾವುದು ಹೆಚ್ಚು ತಪ್ಪು ಎಂದು ಅರ್ಥಧಾರಿಗಳು ಇಡೀ ರಾತ್ರಿ ವಾದಿಸಬಲ್ಲರು, ಮುಂದಿನ ಶನಿವಾರ ಪಕ್ಷ ಬದಲಿಸಿಯೂ ವಾದಿಸಬಲ್ಲರು.

ಕೊನೆಯ ಲೋಕಲ್ಲಿಗೆ ಓಡುವಾಗ ಅಪ್ಪನಿಗೆ ಹೆಮ್ಮೆಯಾಗಿರಬಹುದೆಂದು "ಅಪ್ಪ, ಚೆಂದ ಆಯ್ತು" ಅಂದೆ. "ಎಂತ ಚೆಂದ? ಹತ್ತು ನಿಮಿಷ ಖಾಲಿ ಶಾಲಿನ ಹತ್ರ ಮಾತಾಡ್ಸಿದ ನನ್ನನ್ನು. ಗಂಟಲು ಒಣಗಿಹೋಯ್ತು" ಅಂದರು. ನಿಜಕ್ಕೂ ಸಿಟ್ಟಿತ್ತು. ಮೂದಲಿಸಿದ ಹುಡುಗನ ಮೇಲಲ್ಲ, ಎದ್ದುಹೋದ ಧನಿಯ ಮೇಲೆ. ನನಗದು ಆಗ ಅನ್ಯಾಯವೆನಿಸಿತ್ತು.

ಈಗ ಡೆಸಿಯಾಟ್‌ನ ಆ ಫರ್-ಡಿ-ಲಾನ್ಸಿನವನನ್ನು ಯೋಚಿಸಿದರೆ ಅಪ್ಪನ ಸಿಟ್ಟಿನ ರುಚಿ ಸ್ವಲ್ಪ ಹತ್ತುತ್ತದೆ. ಎದುರಿನವನು ಅಳಿಸಿಹೋದ ಮೇಲೆ ಅವನು ಆ ಕಪ್ಪು ಜಾಗದಲ್ಲಿ ಎಷ್ಟು ಹೊತ್ತು ನಿಂತನೋ. ಹೊಡೆಯುವವನೇ ಆದರೂ ಅವನು ಆಡುತ್ತಿದ್ದದ್ದು ಯಾರದೋ ಜೊತೆ. 1984ರಲ್ಲಿ ಡೇವಿಡ್ ಬ್ರೇಬನ್ ಮತ್ತು ಇಯಾನ್ ಬೆಲ್ ಮೊದಲ ಎಲೈಟ್ ಬರೆದಾಗ ಬಿಬಿಸಿ ಮೈಕ್ರೋ ಕಂಪ್ಯೂಟರಿನಲ್ಲಿ ಕಡಲ್ಗಳ್ಳರೆಲ್ಲ ಗೆರೆಗಳ ಚಿತ್ರ. ಸೋಲುವಾಗ ಪ್ಲಗ್ ಕಿತ್ತರೆ ಕೇಳುವವರಿಲ್ಲ, ಬೇಸರಿಸುವವರೂ ಇಲ್ಲ. ಕಿತ್ತದ್ದು ಅದೇ ಪ್ಲಗ್. ಆ ಕಡೆ ಈಗ ಒಬ್ಬ ಕೂತಿದ್ದಾನೆ ಅನ್ನುವುದಷ್ಟೇ ವ್ಯತ್ಯಾಸ.

ಎದ್ದು ಹೋಗುವುದೇ ತಪ್ಪೆಂದು ನನಗನಿಸುವುದಿಲ್ಲ. 1981ರ ಫೆಬ್ರವರಿಯಲ್ಲಿ ಮೆಲ್ಬರ್ನ್ ಟೆಸ್ಟಿನಲ್ಲಿ ಲಿಲ್ಲಿಯ ಎಸೆತಕ್ಕೆ ಎಲ್‌ಬಿ ಕೊಟ್ಟರೆಂದು ಗಾವಸ್ಕರ್ ಕೆರಳಿ, ಜೊತೆಯ ಚೇತನ್ ಚೌಹಾಣರನ್ನೂ ಕರೆದುಕೊಂಡು ನಡೆದೇಬಿಟ್ಟಿದ್ದರು. ಬೌಂಡರಿಯಲ್ಲಿ ತಂಡದ ಮ್ಯಾನೇಜರ್ ಅಡ್ಡ ನಿಂತು ಚೌಹಾಣರನ್ನು ವಾಪಸು ಕಳಿಸಿದರು. ಆ ಟೆಸ್ಟನ್ನು ಭಾರತ 59 ರನ್ನಿನಿಂದ ಗೆದ್ದಿತು, ಆಸ್ಟ್ರೇಲಿಯಾ 83ಕ್ಕೆ ಆಲೌಟ್. ಮರು ಋತುವಿನಲ್ಲಿ, 1981-82ರ ರಣಜಿ ಸೆಮಿಫೈನಲ್, ಚಿನ್ನಸ್ವಾಮಿ ಮೈದಾನ, ಬಾಂಬೆ ಸೋಲುವ ಹಂತದಲ್ಲಿದ್ದಾಗ ಅದೇ ಗಾವಸ್ಕರ್ ನಮ್ಮ ರಘುರಾಮ ಭಟ್ಟರ ಸ್ಪಿನ್ನಿಗೆ ಎಡಗೈಯಲ್ಲಿ ಆಡಿ ಕೊನೆತನಕ ನಿಂತರು. ಮೊದಲ ಇನಿಂಗ್ಸ್ ಮುನ್ನಡೆಯಿಂದ ಫೈನಲಿಗೆ ಹೋದದ್ದು ಕರ್ನಾಟಕವೇ. ಆದರೂ ಅಪ್ಪ ಹೋಟೆಲಿನ ಗಲ್ಲಾದಲ್ಲಿ ಮರಾಠಿ ಗಿರಾಕಿಗಳ ಎದುರು ಆ ಎಡಗೈಯನ್ನು ಅನುಕರಿಸಿ ತೋರಿಸುತ್ತಿದ್ದರಂತೆ, ಅದು ತಮಾಷೆಯೋ ಮೆಚ್ಚುಗೆಯೋ ಗಿರಾಕಿಗಳಿಗೆ ತಿಳಿಯದ ಹಾಗೆ. ನಮ್ಮ ಲೋಕಲ್ಲಿನಲ್ಲೂ ಅಷ್ಟೆ, ನಾಲ್ಕನೇ ಸೀಟಿಗೆ ಕಾಲರ್ ಹಿಡಿದವನು ಠಾಣೆ ಬಂತೆಂದು ಇಳಿದುಹೋಗುತ್ತಾನೆ, ಯಾರೂ ಹೇಡಿ ಅನ್ನುವುದಿಲ್ಲ. ಪ್ಲಾಟ್‌ಫಾರ್ಮಿನಿಂದ ಕಿಟಕಿಯೊಳಗೆ ಬೈಯುತ್ತಲೇ ಇರುತ್ತಾನೆ, ರೈಲು ಹೊರಡುವ ತನಕ. ಮೆನುವಿನ 15 ಸೆಕೆಂಡು ನನಗೆ ಈಗ ಆ ಪ್ಲಾಟ್‌ಫಾರ್ಮಿನ ಹಾಗೆ ಕಾಣುತ್ತದೆ. ಹೋಗುವವನು ಹೋಗುತ್ತಿರುವುದು ಕಾಣುತ್ತದೆ.

ಮತ್ತೆ ಡೆಸಿಯಾಟ್

ಆಗಸ್ಟಿನಲ್ಲಿ ಒಂದು ರಾತ್ರಿ ಅವನಿಗೆ ಬರೆದೆ: ಆ ದಿನ ಮಳೆ ಇರಲಿಲ್ಲ, ತಂತಿ ಕಿತ್ತದ್ದು ನಾನೇ. ಉದ್ದದ ವಿವರಣೆ ಬರೆದು ಅಳಿಸಿದ್ದೆ. ಉತ್ತರ ಒಂದೇ ಪದದಲ್ಲಿ ಬಂತು: ಗೊತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಸಾಲು: ಎಲ್ಲರೂ ಹಾಗೇ ಹೇಳುತ್ತಾರೆ, ಆದರೆ ನಿಜವಾಗಿ ಹೋದವರೂ ಇರುತ್ತಾರಲ್ಲ, ಅದಕ್ಕೇ ಕೇಳುತ್ತೇನೆ.

ಇದನ್ನು ಓದಿ ಅವನ ಮೇಲೆ ಪ್ರೀತಿ ಉಕ್ಕಿತು ಅಂತೇನಲ್ಲ. ಮರುವಾರ ಡೆಸಿಯಾಟಿಗೆ ಓಪನ್ನಿನಲ್ಲಿ ಹೋದೆ, ಖಾಲಿ ಹಡಗಿನಲ್ಲಿ. ಖಾಲಿ ಹಡಗಿನಲ್ಲಿ ಧೈರ್ಯ ತೋರಿಸುವುದು ಯಾರಿಗೂ ಬರುತ್ತದೆ, ಗೊತ್ತು. ಅವನು ಸಿಗಲಿಲ್ಲ, ಬೇರೊಬ್ಬ ಸಿಕ್ಕಿದ. ಶರಣಾದೆ, ಎಂಜಿನ್ನಿಗೆ ಶಕ್ತಿ ಹಾಕಿದೆ, ಎಲ್ಲ ಪಾಠದ ಪ್ರಕಾರ ಮಾಡಿದೆ, ಜಿಗಿಯಲು ಎರಡು ಸೆಕೆಂಡು ಇದ್ದಾಗ ಒಡೆದುಹೋದೆ. ಹನ್ನೆರಡು ಲಕ್ಷ ರೀಬೈ ಕಟ್ಟಿದೆ. ಅಳಿಯ ಹಿಂದೆ ನಿಂತು ನೋಡುತ್ತಿದ್ದ. "ಇನ್ನು ಎರಡು ಸೆಕೆಂಡು ಇದ್ದಿದ್ರೆ ಹೋಗ್ತಿದ್ರಿ ಮಾವ" ಅಂದ, ಬಹಳ ದಿನಗಳ ಮೇಲೆ ನನ್ನ ಆಟದ ಬಗ್ಗೆ ಒಂದು ಮಾತು.

ಗಣೇಶ ಚತುರ್ಥಿಯ ಹಿಂದಿನ ಸಂಜೆ. ಅಳಿಯ ಆನ್‌ಲೈನ್ ಚೆಸ್ ಆಡುತ್ತಾ ಕೂತಿದ್ದ, ನನ್ನದೇ ಮೇಜಿನಲ್ಲಿ. ಮಂತ್ರಿ ಕಳೆದುಕೊಂಡಿದ್ದ, ರಾಜ ಮೂಲೆ ಸೇರಿದ್ದ, ಆದರೂ ಬಿಟ್ಟುಕೊಡದೆ ಪದಾತಿಯೊಂದನ್ನು ಒಂದೊಂದೇ ಮನೆ ನೂಕುತ್ತಿದ್ದ. ನಾನು ಅಡುಗೆಮನೆಯಲ್ಲಿ ಹೆಂಡತಿಗೆ ತೆಂಗಿನಕಾಯಿ ತುರಿದುಕೊಡುತ್ತಿದ್ದೆ. ಕೆಳಗಿನ ಮಂಟಪದ ಸೀರಿಯಲ್ ಲೈಟು, ಲೌಡ್‌ಸ್ಪೀಕರು, ಎದುರು ಬಿಲ್ಡಿಂಗು, ಎಲ್ಲ ಒಮ್ಮೆಗೇ ಆರಿತು. ಕತ್ತಲೆಯಲ್ಲಿ ಕುರ್ಚಿ ಉರುಳಿದ ಸದ್ದು, ಅದರ ಹಿಂದೆಯೇ ಅವನ ಕೂಗು.

"ಮಾವ! ಬನ್ನಿ, ಬೇಗ ಬನ್ನಿ! ಫ್ಯಾನ್ ನೋಡಿ, ಫ್ಯಾನ್ ಸಹ ನಿಂತಿದೆ!"